ಪಾನಕದ ವಿಧಾನ, ಹೆಂಡದ ಕತೆ: ಹುಣಸೂರು ಸೀಮೆಯ ಬೆರಕೆ ಪಾನೀಯಗಳು ಮತ್ತು ಅವುಗಳ ಮೂಲಕಥನ

ತಿನ್ನುವ ಪದಾರ್ಥಗಳಿಗೆಲ್ಲ ಹುಟ್ಟಿನ ಕತೆ ಇರುವುದಿಲ್ಲ. ರಾಗಿಗೆ ಕನಕದಾಸರ ‘ರಾಮಧಾನ್ಯ ಚರಿತೆ’ಯ ಭಾಗ್ಯ ದೊರೆಯಿತು, ಹುರುಳಿಗೆ, ಅವರೆಗೆ ಅಷ್ಟು ದೊಡ್ಡ ಹೆಸರಿನ ಕತೆ ದೊರೆಯಲಿಲ್ಲ. ಅಮಲೇರಿಸುವ ಪಾನೀಯಗಳ ವಿಷಯ ಹಾಗಲ್ಲ. ಅವು ಇದ್ದೆಡೆಯಲ್ಲೆಲ್ಲ ‘ಇದು ಹೇಗೆ ಹುಟ್ಟಿತು, ಮೊದಲು ಯಾರು ಕುಡಿದರು’ ಎಂಬ ಪ್ರಶ್ನೆಯೂ ಅದಕ್ಕೊಂದು ಉತ್ತರವೂ ಇದ್ದೇ ಇರುತ್ತವೆ. ಸ್ಟಿತ್ ಥಾಮ್ಸನ್ ಅವರ ಜಾನಪದ ಆಶಯ ಸೂಚಿಯಲ್ಲಿ ಮದ್ಯದ ಪ್ರಾಪ್ತಿಗೆ ಎ 1427 ಎಂಬ ಪ್ರತ್ಯೇಕ ಸಂಖ್ಯೆಯೇ ಇದೆ. ಕುಡಿದವನು ಕುರಿಯಾಗಿ, ಸಿಂಹವಾಗಿ, ಕೋತಿಯಾಗಿ, ಹಂದಿಯಾಗಿ ಮಾರ್ಪಡುವುದೇಕೆ ಎಂಬುದನ್ನು ವಿವರಿಸುವ ಯೆಹೂದಿ ಕತೆ, ಅಂದರೆ ನೋಹನ ದ್ರಾಕ್ಷಿ ಬಳ್ಳಿಯ ಬುಡಕ್ಕೆ ಸೈತಾನನು ಆ ನಾಲ್ಕು ಪ್ರಾಣಿಗಳ ರಕ್ತ ಸುರಿದ ಕತೆ, ಎ 2851ರ ವರ್ಗಕ್ಕೆ ಸೇರುತ್ತದೆ. ‘ಕೋತಿಗೆ ಹೆಂಡ ಕುಡಿಸಿದ ಹಾಗೆ’ ಎನ್ನುವ ನಮ್ಮ ಗಾದೆ ಅದೇ ತಿಳಿವಳಿಕೆಯನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತದೆ.

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ನಾಲ್ಕು ತಾಲ್ಲೂಕುಗಳನ್ನು, ಎಂದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಯನ್ನು, ಆಧಾರವಾಗಿಟ್ಟುಕೊಂಡು ಪ್ರಸ್ತುತ ಪ್ರಬಂಧವು ಈ ವಿಷಯವನ್ನು ಪರಿಶೀಲಿಸುತ್ತದೆ. ಸಾಲಿಗ್ರಾಮ, ಸರಗೂರುಗಳು ಈಚಿನ ವರ್ಷಗಳಲ್ಲಿ ಬೇರೆ ತಾಲ್ಲೂಕುಗಳಾಗಿವೆಯಾದರೂ ಜಾನಪದದ ಮಟ್ಟಿಗೆ ಹಳೆಯ ಗಡಿಯನ್ನೇ ಇಲ್ಲಿ ಇಟ್ಟುಕೊಂಡಿದ್ದೇನೆ. ಒಂದು ಕಡೆ ಕಾವೇರಿ, ನಡುವೆ ಲಕ್ಷ್ಮಣತೀರ್ಥ, ಇನ್ನೊಂದು ಕಡೆ ಕಪಿಲೆ ಹರಿಯುವ ಈ ಸೀಮೆಯಲ್ಲಿ ಬೆರಕೆ ಪಾನೀಯದ ಎರಡು ಪರಂಪರೆಗಳು ಅಕ್ಕಪಕ್ಕದಲ್ಲೇ ಬಾಳಿವೆ. ಒಂದಕ್ಕೆ ಬರೆಹದಲ್ಲಿ ವಿಧಾನ ಉಳಿದಿದೆ, ಕತೆ ಇಲ್ಲ. ಇನ್ನೊಂದಕ್ಕೆ ಬಾಯಲ್ಲಿ ಕತೆ ಉಳಿದಿದೆ, ವಿಧಾನವನ್ನು ಬರೆದಿಟ್ಟವರಿಲ್ಲ. ಈ ಅಸಮತೆ ಹೇಗಾಯಿತು, ಅದರಿಂದ ನಮ್ಮ ಅಧ್ಯಯನಕ್ಕೆ ಆದ ನಷ್ಟವೇನು ಎಂಬುದೇ ಇಲ್ಲಿಯ ವಿಚಾರ.

ಹೆಸರು ಹುಡುಕುವ ಕತೆಗಳು

ಮೊದಲು ಹೊರಗಿನ ಒಂದು ನಿದರ್ಶನವನ್ನು ನೋಡಬಹುದು. ಹಲವು ದ್ರವಗಳನ್ನು ಬೆರೆಸಿ ಕುಡಿಯುವ ಪದ್ಧತಿಗೆ ಪಶ್ಚಿಮದಲ್ಲಿ ಕಾಕ್‌ಟೇಲ್ ಎಂಬ ಹೆಸರಿದೆ. ಅದರ ಅರ್ಥವಿವರಣೆ ಮೊದಲು ಅಚ್ಚಾದದ್ದು 1806ರಲ್ಲಿ, ನ್ಯೂಯಾರ್ಕ್ ಪ್ರಾಂತದ ಹಡ್ಸನ್ ಎಂಬ ಊರಿನ ಪತ್ರಿಕೆಯೊಂದರಲ್ಲಿ. ಮದ್ಯ, ಸಕ್ಕರೆ, ನೀರು, ಕಹಿ ಕಷಾಯ ಈ ನಾಲ್ಕರ ಬೆರಕೆಯೇ ಕಾಕ್‌ಟೇಲ್ ಎಂದು ಅಲ್ಲಿ ಹೇಳಿದೆ. ಹೆಸರು ಬಂದದ್ದು ಹೇಗೆಂಬುದಕ್ಕೆ ಮಾತ್ರ ಒಬ್ಬೊಬ್ಬರದು ಒಂದೊಂದು ಕತೆ. ಬೆಟ್ಸಿ ಫ್ಲಾನಗನ್ ಎಂಬ ಹೋಟೆಲಿನಾಕೆ ಹುಂಜದ ಬಾಲದ ಗರಿಯನ್ನು ಲೋಟಕ್ಕೆ ಸಿಕ್ಕಿಸಿ ಕೊಟ್ಟಳು ಎಂಬುದೊಂದು. ಜಾನಪದ ವಿದ್ಯಾರ್ಥಿಗಳಿಗೆ ಆಸಕ್ತಿ ಹುಟ್ಟಿಸುವ ಸಂಗತಿಯೆಂದರೆ ಈ ಬೆಟ್ಸಿ, ಫೆನಿಮೋರ್ ಕೂಪರ್ 1821ರಲ್ಲಿ ಪ್ರಕಟಿಸಿದ ಕಾದಂಬರಿಯ ಪಾತ್ರ. ಪುಸ್ತಕದಿಂದ ಎದ್ದು ಬಂದ ಪಾತ್ರವೊಂದು ಐತಿಹ್ಯದೊಳಗೆ ಸೇರಿಕೊಂಡು ನಿಜವಾದ ಹೆಂಗಸೆಂಬಂತೆ ಓಡಾಡಿದೆ. ನ್ಯೂ ಆರ್ಲಿಯನ್ಸ್‌ನ ಔಷಧಿ ವ್ಯಾಪಾರಿ ಪೇಷೋ ಮೊಟ್ಟೆ ಇಡುವ ಬಟ್ಟಲಿನಲ್ಲಿ ಪಾನೀಯ ಕೊಡುತ್ತಿದ್ದನೆಂದೂ ಆ ಬಟ್ಟಲಿನ ಫ್ರೆಂಚ್ ಹೆಸರೇ ಅಪಭ್ರಂಶಗೊಂಡು ಕಾಕ್‌ಟೇಲ್ ಆಯಿತೆಂದೂ ಇನ್ನೊಂದು ಕತೆ. ಎರಡಕ್ಕೂ ಸಮಕಾಲೀನ ಆಧಾರವಿಲ್ಲ.

ಬಿಡಿಬಿಡಿ ಪಾನೀಯಗಳಿಗೂ ಹೀಗೆಯೇ. ಮಾರ್ಟಿನಿ ತನ್ನದೆಂದು ಕ್ಯಾಲಿಫೋರ್ನಿಯಾದ ಮಾರ್ಟಿನೆಜ್ ಊರೂ ಸ್ಯಾನ್‌ಫ್ರಾನ್ಸಿಸ್ಕೊ ನಗರವೂ ಹಕ್ಕು ಸಾಧಿಸಿವೆ. ಮಾರ್ಗರಿಟಾವನ್ನು ಮೊದಲು ಬೆರೆಸಿದವನು ತಾನೆಂದು ಹೇಳಿಕೊಂಡವರು ಹಲವರು. ಸಿಂಗಪುರ ಸ್ಲಿಂಗ್ ಎಂಬುದನ್ನು ರಾಫಲ್ಸ್ ಹೋಟೆಲಿನ ನಿಯಾಮ್ ಟಾಂಗ್ ಬೂನ್ 1915ರಲ್ಲಿ ತಯಾರಿಸಿದನೆಂದು ಆ ಹೋಟೆಲೇ ಸಾರುತ್ತದೆ. ಈ ಕತೆಗಳೆಲ್ಲದರ ಕಟ್ಟಡ ಒಂದೇ: ಒಬ್ಬ ವ್ಯಕ್ತಿ, ಒಂದು ಅಂಗಡಿ, ಒಂದು ವರ್ಷ. ಕತೆ ಹುಡುಕುವುದು ನಿರ್ಮಾತೃವಿನ ಹೆಸರನ್ನು. ಪಾನೀಯ ಮಾರಾಟದ ಸರಕಾಗಿರುವಲ್ಲಿ ಅದು ಸಹಜವೇ ಆಗಿದೆ. ನಮ್ಮ ಸೀಮೆಯ ಕತೆಗಳು ಕೇಳುವ ಪ್ರಶ್ನೆ ಬೇರೆ. ಯಾರು ಮಾಡಿದರು ಎನ್ನುವುದಕ್ಕಿಂತ ಯಾರ ಜೊತೆ ಕುಡಿಯಬಹುದು, ಯಾರ ಬಾಗಿಲಲ್ಲಿ ಅದಕ್ಕೆ ತಡೆ ಉಂಟು ಎನ್ನುವುದೇ ಅವುಗಳಿಗೆ ಮುಖ್ಯ.

ಮರದ ಪೊಟರೆಯ ಸುರೆ

ಭಾರತೀಯ ಪರಂಪರೆಯಲ್ಲಿ ಬೆರಕೆ ಮದ್ಯದ ಹುಟ್ಟನ್ನು ಅತ್ಯಂತ ವಿವರವಾಗಿ ಹೇಳುವುದು ಪಾಲಿಯ ಕುಂಭ ಜಾತಕ. ಸುರನೆಂಬ ಕಾಡುಬೇಡನೊಬ್ಬ ಹಿಮಾಲಯದ ಕಡೆಗೆ ಹೋಗುತ್ತಾನೆ. ಆಳೆತ್ತರದಲ್ಲಿ ಮೂರು ಕವಲಾಗಿ ಒಡೆದ ಒಂದು ಮರ. ಕವಲಿನ ನಡುವೆ ಗುಡಾಣದಷ್ಟು ದೊಡ್ಡ ಪೊಟರೆ. ಅದರಲ್ಲಿ ಮಳೆನೀರು ತುಂಬಿದೆ. ಪಕ್ಕದ ಅಳಲೆ, ನೆಲ್ಲಿ ಮರಗಳಿಂದ ಹಣ್ಣೂ ಬಳ್ಳಿಯಿಂದ ಮೆಣಸೂ ಉದುರಿ ಅದರೊಳಗೆ ಬೀಳುತ್ತವೆ. ತಾನೇ ಬೆಳೆದ ಭತ್ತದ ತೆನೆಗಳನ್ನು ಗಿಳಿಗಳು ಕಿತ್ತು ತಂದು ತಿನ್ನುವಾಗ ಕಾಳುಗಳು ಜಾರಿ ಬೀಳುತ್ತವೆ. ಬಿಸಿಲಿಗೆ ಕಾದು ನೀರು ಕೆಂಪಾಗುತ್ತದೆ. ಬಾಯಾರಿದ ಹಕ್ಕಿಗಳು ಕುಡಿದು ಮರದ ಬುಡಕ್ಕೆ ಉರುಳಿ, ಸ್ವಲ್ಪ ಹೊತ್ತು ಮಲಗಿ, ಮತ್ತೆ ಹಾರಿಹೋಗುತ್ತವೆ. ಕೋತಿಗಳದೂ ಅದೇ ಗತಿ. ಇದು ವಿಷವಲ್ಲವೆಂದು ತಿಳಿದ ಸುರ ತಾನೂ ಕುಡಿದು ಹತ್ತಿರದಲ್ಲಿದ್ದ ವರುಣನೆಂಬ ತಪಸ್ವಿಗೂ ಕುಡಿಸುತ್ತಾನೆ. ಸುರನಿಂದ ಸುರೆ, ವರುಣನಿಂದ ವಾರುಣಿ. ಬಿದಿರಿನ ಕೊಳವೆಗಳಲ್ಲಿ ತುಂಬಿಕೊಂಡು ಇಬ್ಬರೂ ಊರಿಂದೂರಿಗೆ ಹೋಗಿ ರಾಜರಿಗೆ ಕೊಡುತ್ತಾರೆ. ಹೋದ ಊರುಗಳು ಹಾಳಾಗುತ್ತವೆ. ಕೊನೆಗೆ ಶ್ರಾವಸ್ತಿಯಲ್ಲಿ ಐನೂರು ಗುಡಾಣ ಮದ್ಯ ಹೂಡಿ, ಇಲಿಯ ಕಾಟಕ್ಕೆಂದು ಒಂದೊಂದು ಗುಡಾಣಕ್ಕೂ ಒಂದೊಂದು ಬೆಕ್ಕನ್ನು ಕಟ್ಟುತ್ತಾರೆ. ಸೋರಿದ್ದನ್ನು ನೆಕ್ಕಿದ ಬೆಕ್ಕುಗಳು ಮಲಗಿಬಿಡುತ್ತವೆ. ಸತ್ತವೆಂದು ಭಾವಿಸಿದ ಅರಸ ಇಬ್ಬರನ್ನೂ ಕೊಲ್ಲಿಸುತ್ತಾನೆ. ಬೆಕ್ಕುಗಳು ಎದ್ದು ಕೂರುತ್ತವೆ. ಅರಸನೂ ಕುಡಿಯಹೊರಟಾಗ ಬೋಧಿಸತ್ವನಾದ ಶಕ್ರ ಬಂದು ತಡೆಯುತ್ತಾನೆ.

ನೀತಿಗಾಗಿ ಹೇಳಿದ ಕತೆ ಇದು, ನಿಜ. ಆದರೆ ಪೊಟರೆಯೊಳಗೆ ಬಿದ್ದ ವಸ್ತುಗಳನ್ನು ಒಮ್ಮೆ ಎಣಿಸಬೇಕು: ನೀರು, ಅಳಲೆ, ನೆಲ್ಲಿ, ಮೆಣಸು, ಭತ್ತ. ನೀರಿನಲ್ಲಿ ನೆನೆದ ಭತ್ತ ಮೊಳೆಯುವಾಗ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಹಣ್ಣಿನ ಸಿಪ್ಪೆಯ ಮೇಲಿನ ಹುದುಗು ಆ ಸಕ್ಕರೆಯನ್ನು ಹಿಡಿಯುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಮದ್ಯಗಳನ್ನು ವಿಂಗಡಿಸಲಾಗಿದೆ. ಇವುಗಳಲ್ಲಿ ಮೇದಕ ಅಕ್ಕಿಯದು. ಮೈರೇಯಕ್ಕೆ ಬೆಲ್ಲ, ಮೆಣಸು, ತ್ರಿಫಲಗಳ ಸೇರುವೆ ಇದೆ. ಅಳಲೆಯೂ ನೆಲ್ಲಿಯೂ ತ್ರಿಫಲದೊಳಗಿನವೇ. ಎಂದರೆ ಗಿಳಿಯೂ ಗಾಳಿಯೂ ಆಕಸ್ಮಿಕವಾಗಿ ಬೀಳಿಸಿದಂತೆ ಕತೆ ಹೇಳುವ ವಸ್ತುಗಳು ಆಕಸ್ಮಿಕವಲ್ಲ. ಬಳಕೆಯಲ್ಲಿದ್ದ ಒಂದು ಪಾಕವಿಧಾನ ಕತೆಯ ಒಡಲಲ್ಲಿ ಕುಳಿತಿದೆ. ಇಲ್ಲಿ ಕತೆ, ವಿಧಾನ ಎರಡೂ ಒಂದೇ ಪಾತ್ರೆಯಲ್ಲಿವೆ.

ಮರದ ಪೊಟರೆಯ ಆಶಯ ವಿಷ್ಣು ಪುರಾಣದಲ್ಲೂ ಬರುತ್ತದೆ. ವಾರುಣಿಯು ಬೃಂದಾವನದ ಕದಂಬ ಮರದ ಪೊಟರೆಯಲ್ಲಿ ನೆಲೆಸಿದಳೆಂದೂ ಬಲರಾಮ ಅದರ ಕಂಪನ್ನು ಹಿಡಿದು ಹೋಗಿ ಕುಡಿದನೆಂದೂ ಅಲ್ಲಿದೆ. ಕದಂಬದಿಂದ ಬಂದ ಮದ್ಯಕ್ಕೆ ಸಂಸ್ಕೃತದಲ್ಲಿ ಕಾದಂಬರಿ ಎಂಬ ಹೆಸರೂ ಉಂಟು. ಬಾಣನ ನಾಯಕಿಯ ಮೂಲಕ ಆ ಹೆಸರು ಕನ್ನಡಕ್ಕೆ ಬಂದು ಒಂದು ಸಾಹಿತ್ಯ ಪ್ರಕಾರವನ್ನೇ ಸೂಚಿಸುವಂತಾಯಿತು. ಕಾದಂಬರಿ ಓದುವವರು ಇದನ್ನು ನೆನೆಯಬೇಕಾಗಿಲ್ಲ.

ಕಲ್ಲಹಳ್ಳಿಯ ಮಂಗರಸ

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಇಂದಿನ ಓದುಗರಿಗೆ ಡಿ. ದೇವರಾಜ ಅರಸು ಅವರ ಹುಟ್ಟೂರಾಗಿ ಪರಿಚಿತ. ಸಾಹಿತ್ಯ ಚರಿತ್ರೆಗೆ ಅದು ಮೂರನೆಯ ಮಂಗರಸನ ಊರು. ಚೆಂಗಾಳ್ವರ ಆಶ್ರಯದ ಈ ಜೈನ ಪ್ರಭು ಹದಿನಾರನೆಯ ಶತಮಾನದ ಆದಿಭಾಗದಲ್ಲಿ ‘ಸಮ್ಯಕ್ತ್ವ ಕೌಮುದಿ’, ‘ಜಯನೃಪ ಕಾವ್ಯ’, ‘ನೇಮಿಜಿನೇಶ ಸಂಗತಿ’ ಮೊದಲಾದ ಕೃತಿಗಳನ್ನು ರಚಿಸಿದವನು. ಅಷ್ಟು ಕಾವ್ಯಗಳ ನಡುವೆ ವಾರ್ಧಕ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನೂ ಬರೆದನು. ಅದಕ್ಕೆ ಮೊದಲು ಕನ್ನಡದಲ್ಲಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರದ ಭಾಗವಿತ್ತು, ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಪಾನೀಯಭೋಗವಿತ್ತು. ಆದರೆ ಅಡುಗೆಗಾಗಿಯೇ ಮೀಸಲಾದ ಪೂರ್ಣ ಕನ್ನಡ ಕೃತಿಯಾಗಿ ಮಂಗರಸನದು ಗಮನಾರ್ಹ. ಪಿಷ್ಟಪಾಕ, ಕಲಮಾನ್ನಪಾಕ, ಶಾಕಪಾಕಗಳ ಜೊತೆಯಲ್ಲಿ ಪಾನಕಗಳಿಗೂ ಅದರಲ್ಲಿ ಒಂದು ಅಧ್ಯಾಯವಿದೆ.

ಜೈನ ಗೃಹಸ್ಥನಿಗೆ ಮದ್ಯ, ಮಾಂಸ, ಮಧು ಮೂರೂ ವರ್ಜ್ಯ. ಜೇನನ್ನು ಕೂಡ ಮುಟ್ಟುವಂತಿಲ್ಲ. ಇದು ಹೆಗ್ಗಡದೇವನಕೋಟೆಯ ಕಾಡಿನ ಅಂಚಿಗೆ, ಜೇನುಕುರುಬರ ಹಾಡಿಗಳ ನೆರೆಗೆ ಬರೆದ ಪುಸ್ತಕ ಎಂಬುದನ್ನು ನೆನೆದರೆ ಆ ವರ್ಜನೆಯ ಅಂತರ ತಿಳಿಯುತ್ತದೆ. ಹಾಗಾಗಿ ಮಂಗರಸನ ಬೆರಕೆಗಳೆಲ್ಲ ಅಮಲಿಲ್ಲದ ಬೆರಕೆಗಳು. ಅವನು ಎಲ್ಲಿಯೂ ಈ ಪಾನಕ ಹೀಗೆ ಹುಟ್ಟಿತೆಂದು ಕತೆ ಹೇಳಲು ನಿಲ್ಲುವುದಿಲ್ಲ. ಶಾಸ್ತ್ರಗ್ರಂಥಕ್ಕೆ ಕತೆ ಬೇಕಿಲ್ಲ; ವಸ್ತು, ಕ್ರಮ, ಹದ ಇದ್ದರೆ ಸಾಕು. ಬಾಗಿಲು ತೆರೆದೇ ಇರುವ ಪಾನೀಯ ಅದು. ಇಂದಿಗೂ ರಾಮನವಮಿಯ ದಿನ ಪಾನಕವನ್ನು ಬೀದಿಯಲ್ಲಿ ಹೋಗುವ ಯಾರಿಗಾದರೂ ಕರೆದು ಕೊಡುತ್ತಾರೆ. ತಡೆಯಿಲ್ಲದ ಪಾನೀಯಕ್ಕೆ ಸಮರ್ಥನೆಯ ಕತೆಯೂ ಬೇಕಾಗುವುದಿಲ್ಲ ಎಂಬುದು ನನ್ನ ತಿಳಿವಳಿಕೆ.

ಮನೆಯ ಪಾನಕದ ರಚನೆಯನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ನೀರು, ಸಿಹಿಗೆ ಬೆಲ್ಲ, ಹುಳಿಗೆ ನಿಂಬೆ ಅಥವಾ ಬೇಲದ ಹಣ್ಣು, ಘಾಟಿಗೆ ಮೆಣಸು, ಶುಂಠಿ, ಕಂಪಿಗೆ ಏಲಕ್ಕಿ. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷರು ಭಾರತದ ತೀರಗಳಲ್ಲಿ ರೂಢಿಸಿಕೊಂಡ ಪಂಚ್ ಎಂಬ ಪಾನೀಯದ ರಚನೆಯೂ ಇದೇ: ನೀರು, ಸಕ್ಕರೆ, ನಿಂಬೆ, ಮಸಾಲೆ, ಐದನೆಯದು ಸಾರಾಯಿ. ಈಸ್ಟ್ ಇಂಡಿಯಾ ಕಂಪನಿಯ ರಾಬರ್ಟ್ ಆಡಮ್ಸ್ 1632ರಲ್ಲಿ ಆಂಧ್ರ ತೀರದ ಪೆಟ್ಟಪೋಲಿಯಲ್ಲಿದ್ದ ಸಹೋದ್ಯೋಗಿಗೆ ಬರೆದ ಪತ್ರದಲ್ಲಿ ಆ ಹೆಸರು ಮೊದಲ ಬಾರಿಗೆ ಕಾಣಿಸುತ್ತದೆ. 1670ರ ದಶಕದಲ್ಲಿ ಭಾರತದಲ್ಲಿದ್ದ ವೈದ್ಯ ಜಾನ್ ಫ್ರಯರ್, ಐದು ವಸ್ತುಗಳಿರುವುದರಿಂದ ಈ ನಾಡಿನ ‘ಪಂಚ’ ಶಬ್ದದಿಂದಲೇ ಹೆಸರು ಬಂದಿತೆಂದು ಬರೆದಿದ್ದಾನೆ. ಪೀಪಾಯಿಯ ಇಂಗ್ಲಿಷ್ ಹೆಸರಿನಿಂದ ಬಂದಿತೆನ್ನುವವರೂ ಇದ್ದಾರೆ. ನಿಷ್ಪತ್ತಿ ಏನೇ ಇರಲಿ, ಪಾನಕದ ನಾಲ್ಕು ಕಾಲುಗಳ ಮೇಲೆ ಸಾರಾಯಿಯನ್ನು ಹೇರಿದರೆ ಪಂಚ್ ಆಗುತ್ತದೆ ಎಂಬುದಂತೂ ಸ್ಪಷ್ಟ. ಯುರೋಪಿನ ಬೆರಕೆ ಮದ್ಯಗಳ ಚರಿತ್ರೆ ಬರೆದವರು ಕಾಕ್‌ಟೇಲಿನ ಹಿರಿಯಜ್ಜನೆಂದು ಪಂಚನ್ನೇ ಹೆಸರಿಸುತ್ತಾರೆ. ಪಂಚ್ ನೇರವಾಗಿ ಪಾನಕದಿಂದ ಹುಟ್ಟಿತೆಂದು ನಾನು ಹೇಳುತ್ತಿಲ್ಲ. ರಚನೆಯ ಸಾಮ್ಯ ಮಾತ್ರ ಕಣ್ಣಿಗೆ ಹೊಡೆಯುವಂತಿದೆ.

ಕಲ್ಯಾಣದ ಬಾಗಿಲಲ್ಲಿ ಹೆಂಡದ ಗಡಿಗೆ

ಇನ್ನು ಎರಡನೆಯ ಪರಂಪರೆಗೆ ಬರೋಣ. ಹಳೆಯ ಮೈಸೂರು ಸೀಮೆಯಲ್ಲಿ ಹೆಂಡವೆಂದರೆ ಪ್ರಧಾನವಾಗಿ ಈಚಲ ಹೆಂಡ. ತೆಂಗಿನಲ್ಲಿ ಹೊಂಬಾಳೆಯಿಂದ ರಸ ಇಳಿಸಿದರೆ ಈಚಲಿನಲ್ಲಿ ಸುಳಿಯ ಕೆಳಗೆ ಕಾಂಡವನ್ನು ಕೆತ್ತಿ ಇಳಿಸಬೇಕು. ಸಂಜೆ ಗಡಿಗೆ ಕಟ್ಟಿದರೆ ಬೆಳಗಿನ ಜಾವಕ್ಕೆ ಸಿಹಿ ರಸ ದೊರೆಯುತ್ತದೆ. ಗಡಿಗೆಯ ಒಳಮೈಗೆ ಸುಣ್ಣ ಬಳಿದಿದ್ದರೆ ಅದು ಹುಳಿಯದೆ ನೀರಾ ಆಗಿಯೇ ಉಳಿಯುತ್ತದೆ. ಬಳಿಯದಿದ್ದರೆ ಬಿಸಿಲೇರುವ ಹೊತ್ತಿಗೆ ಹೆಂಡ. ಒಂದೇ ಮರ, ಒಂದೇ ರಸ. ನಡುವೆ ಇರುವುದು ಒಂದು ಹಿಡಿ ಸುಣ್ಣ ಮತ್ತು ಕೆಲವು ಗಂಟೆಗಳು. ‘ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅಂತಾರೆ’ ಎಂಬ ಗಾದೆ ಕುಡಿಯುವ ವಸ್ತುವಿಗಿಂತ ಕುಳಿತ ಜಾಗವನ್ನು, ನೋಡುವವರ ಕಣ್ಣನ್ನು ಮುಂದೆ ಮಾಡುತ್ತದೆ. ನಮ್ಮ ಮೂಲಕಥನಗಳ ಲಕ್ಷಣವೂ ಅದೇ.

ಈ ಲಕ್ಷಣ ಅತ್ಯಂತ ತೀವ್ರವಾಗಿ ಪ್ರಕಟವಾಗುವುದು ಮಂಟೇಸ್ವಾಮಿ ಕಾವ್ಯದಲ್ಲಿ. ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳ ನೀಲಗಾರರು ಹಾಡುವ ಈ ಮಹಾಕಾವ್ಯದ ಮುಖ್ಯ ನೆಲೆಗಳಲ್ಲಿ ಒಂದಾದ ಕಪ್ಪಡಿ, ನಮ್ಮ ಸೀಮೆಯ ಕೃಷ್ಣರಾಜನಗರ ಭಾಗದಲ್ಲಿ, ಕಾವೇರಿಯ ದಡದಲ್ಲಿದೆ. ಅಲ್ಲಿರುವುದು ರಾಚಪ್ಪಾಜಿ ಮತ್ತು ಚನ್ನಾಜಮ್ಮನವರ ಗದ್ದುಗೆ. ಬೊಪ್ಪೇಗೌಡನಪುರ, ಚಿಕ್ಕಲ್ಲೂರುಗಳ ಜೊತೆ ಕಪ್ಪಡಿಯೂ ಸೇರಿ ಈ ಪಂಥದ ಭೂಪಟ ಪೂರ್ಣವಾಗುತ್ತದೆ.

ಕಾವ್ಯದ ಕಲ್ಯಾಣದ ಸಾಲಿನಲ್ಲಿ ಪರಂಜ್ಯೋತಿ ಮಂಟೇಸ್ವಾಮಿ ಬಸವಣ್ಣನ ಭಕ್ತಿಯನ್ನೂ ಅವನ ಬಳಿಯ ಒಂದು ಲಕ್ಷದ ತೊಂಬತ್ತಾರು ಸಾವಿರ ಜಂಗಮರ ನಿಜವನ್ನೂ ಪರೀಕ್ಷಿಸಲು ಹೊರಡುತ್ತಾನೆ. ಕುಷ್ಠ ಹಿಡಿದಂತಹ ಮೈ, ಹೆಗಲ ಮೇಲೆ ಸತ್ತ ಕರು, ಜೊತೆಗೆ ಹೆಂಡದ ಗಡಿಗೆ. ವಿವರಗಳು ಗಾಯಕರಿಂದ ಗಾಯಕರಿಗೆ ಬದಲಾಗುತ್ತವೆ. ಹೆಂಡವೂ ಮಾಂಸವೂ ಬಾಗಿಲ ತಡೆಯೂ ಮಾತ್ರ ಕತೆಯ ಬೆನ್ನೆಲುಬು. ಬಾಗಿಲಲ್ಲಿದ್ದವರು ಒಳಗೆ ಬಿಡುವುದಿಲ್ಲ. ಅವನು ತಿಪ್ಪೆಯ ಮೇಲೆ ಬಿದ್ದಿರುತ್ತಾನೆ. ಕೊನೆಗೆ ಬಸವಣ್ಣ ನೀಲಮ್ಮನೊಡನೆ ಬಂದು ಗುರುತಿಸಿ ಎತ್ತಿಕೊಳ್ಳಬೇಕಾಗುತ್ತದೆ.

ಈ ಭಾಗವನ್ನು ವಿದ್ವಾಂಸರು ಸಾಮಾನ್ಯವಾಗಿ ಶರಣ ಚಳವಳಿಯ ಮೇಲಿನ ತಳಸಮುದಾಯಗಳ ವಿಮರ್ಶೆಯಾಗಿ ಓದಿದ್ದಾರೆ. ಆ ಓದು ಸರಿಯಾದದ್ದೇ. ಆದರೆ ಗಡಿಗೆಯೊಳಗಿನ ವಸ್ತುವನ್ನು ಕೇವಲ ಅಸ್ಪೃಶ್ಯತೆಯ ಸಂಕೇತವೆಂದು ಬಿಟ್ಟುಬಿಡುವುದು ನನಗೆ ಸಾಕಾಗದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನಿದ್ದಾನೆ. ‘ಧರ್ಮೇಶ್ವರಲಿಂಗ’ ಎಂಬ ಅಂಕಿತದಲ್ಲಿ ವಚನಗಳನ್ನು ಬರೆದ ಅವನ ಹೆಸರಿನೊಳಗೇ ಕಾಯಕವಿದೆ. ಹೆಂಡ ಮಾರುವವನನ್ನು ಶರಣನೆಂದು ಒಳಗೆ ಕರೆದುಕೊಂಡ ಕಲ್ಯಾಣ, ಹೆಂಡ ಹೊತ್ತು ಬಂದವನನ್ನು ಬಾಗಿಲಲ್ಲಿ ತಡೆಯಿತೆಂದು ನೀಲಗಾರರ ಕಾವ್ಯ ಹೇಳುತ್ತದೆ. ಎರಡರ ನಡುವಿನ ವ್ಯತ್ಯಾಸವೇನು? ಮಾರಯ್ಯನ ಹೆಂಡ ಕಾಯಕವಾಗಿ, ಬಳಿಕ ರೂಪಕವಾಗಿ ಪರಿವರ್ತಿತವಾದದ್ದು. ಮಂಟೇಸ್ವಾಮಿಯದು ಪರಿವರ್ತನೆಗೊಳ್ಳದ ಹೆಂಡ. ನಾತವಿರುವ, ತುಳುಕುವ, ಕುಡಿಯುವ ಹೆಂಡ. ಅದನ್ನು ಹಾಗೆಯೇ ಒಳಗೆ ಬಿಡುತ್ತೀರಾ ಎಂಬುದು ಕಾವ್ಯದ ಪ್ರಶ್ನೆ. ಎಂದಮೇಲೆ ಇದು ಹೆಂಡದ ಹುಟ್ಟಿನ ಕತೆಯಲ್ಲ, ಹೆಂಡ ಬಾಗಿಲಿಗೆ ಬಂದ ಕತೆ. ಈ ಸೀಮೆಯಲ್ಲಿ ಮೂಲಕಥನದ ಸ್ಥಾನವನ್ನು ತುಂಬಿರುವುದು ಇಂತಹ ಆಗಮನದ ಕತೆಯೇ.

ಇದಕ್ಕೆ ಪ್ರತಿಯಾಗಿ ಮೇಲಿನ ಪರಂಪರೆಯ ಕತೆಗಳು ಬಾಗಿಲು ಮುಚ್ಚುವ ಕತೆಗಳು. ಮಹಾಭಾರತದ ಆದಿಪರ್ವದಲ್ಲಿ ಶುಕ್ರಾಚಾರ್ಯ ಶಿಷ್ಯ ಕಚನ ಬೂದಿಯನ್ನು ಮದ್ಯದಲ್ಲಿ ಬೆರೆತಿರುವುದು ತಿಳಿಯದೆ ಕುಡಿದುಬಿಡುತ್ತಾನೆ. ಎಚ್ಚರವಾದ ಮೇಲೆ ಇನ್ನು ಮುಂದೆ ಬ್ರಾಹ್ಮಣನು ಮದ್ಯ ಕುಡಿಯಬಾರದೆಂದು ಶಾಪವಿಡುತ್ತಾನೆ. ಅದೂ ಒಂದು ಬೆರಕೆಯ ಕತೆಯೇ, ಅತ್ಯಂತ ಭೀಕರವಾದದ್ದು. ಒಂದು ಕತೆ ಪಂಕ್ತಿಯಿಂದ ಪಾನೀಯವನ್ನು ಹೊರಗಿಡುತ್ತದೆ. ಇನ್ನೊಂದು ಹೊರಗಿಟ್ಟ ಪಾನೀಯವನ್ನು ಹೊತ್ತು ತಂದು ಪಂಕ್ತಿಯ ಎದುರಿಗೆ ಇಳಿಸುತ್ತದೆ.

ನೆರೆಯ ಕೊಡಗಿನ ದೇವರಪುರದಲ್ಲಿ ಮೇ ತಿಂಗಳಿನಲ್ಲಿ ನಡೆಯುವ ಕುಂಡೆ ಹಬ್ಬವನ್ನೂ ಇಲ್ಲಿ ಸ್ಮರಿಸಬಹುದು. ಜೇನುಕುರುಬರು, ಯರವರು ವೇಷ ತೊಟ್ಟು, ಕುಡಿದು, ದಾರಿಹೋಕರನ್ನೂ ದೇವರನ್ನೂ ಬೈದು ಹಣ ಬೇಡುತ್ತಾರೆ. ಬೇಟೆಗ ಕರೆದುಕೊಂಡು ಹೋದ ಅಯ್ಯಪ್ಪ, ಕಾಡಿನಲ್ಲಿ ಭದ್ರಕಾಳಿಯನ್ನು ಕಂಡು ತಮ್ಮನ್ನು ಬಿಟ್ಟು ಅವಳ ಹಿಂದೆ ಹೋದನೆಂಬುದೇ ಬೈಗುಳಕ್ಕೆ ಕಾರಣ. ಇಲ್ಲಿಯೂ ಕತೆ ಮದ್ಯದ ಹುಟ್ಟನ್ನು ಕೇಳುವುದಿಲ್ಲ. ಜೊತೆಗಿದ್ದವನು ಜೊತೆ ಬಿಟ್ಟ ಲೆಕ್ಕವನ್ನು ಕೇಳುತ್ತದೆ.

ಇನ್ನೊಂದು ಮಾತು. ಕೃಷ್ಣರಾಜನಗರದ ಚುಂಚನಕಟ್ಟೆಯಲ್ಲಿ ಸೀತೆ ಮೀಯಲು ನೀರು ಕೇಳಿದಾಗ ಲಕ್ಷ್ಮಣ ಬಂಡೆಗೆ ಬಾಣ ಬಿಟ್ಟನೆಂದೂ ಅರಿಸಿನ, ಸೀಗೆ, ಎಣ್ಣೆಯ ಬಣ್ಣದ ಮೂರು ಧಾರೆಗಳು ಚಿಮ್ಮಿದವೆಂದೂ ಐತಿಹ್ಯವಿದೆ. ಕುಡಿಯುವ ದ್ರವವಲ್ಲವಾದರೂ ಬೆರಕೆಯ ದ್ರವಕ್ಕೊಂದು ಮೂಲಕಥನವೇ ಇದು. ಧುಮುಕುವ ಕಾವೇರಿ ಎದುರಿಗೇ ಇರುವುದರಿಂದ ಕತೆ ಹೇಳುವವನು ಕೈತೋರಿಸಿ ಹೇಳಬಲ್ಲ. ಹೆಂಡದ ಕತೆಗೆ ಆ ಅನುಕೂಲ ಈಗ ಉಳಿದಿಲ್ಲ.

ಗಡಿಗೆ ಇಲ್ಲದ ಕತೆ

ಈಚಲ ಮರದ ಮೇಲಿನ ಸಿಟ್ಟು ಹೊಸದಲ್ಲ. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲ ಮರ ಕಡಿಯುವುದೇ ಸತ್ಯಾಗ್ರಹದ ರೂಪವಾಗಿತ್ತು. ಹೆಂಡದ ತೆರಿಗೆ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತಿದ್ದುದರಿಂದ ಮರವೇ ಎದುರಾಳಿಯಾಗಿ ಕಂಡಿತು. ಅದೇ ಕಾಲಘಟ್ಟದಲ್ಲಿ ಸ್ವತಃ ಮದ್ಯ ಮುಟ್ಟದ ಜಿ.ಪಿ. ರಾಜರತ್ನಂ ಹೆಂಡಗುಡುಕ ರತ್ನನ ಬಾಯಲ್ಲಿ ಪಡಖಾನೆಯ ಕನ್ನಡವನ್ನು ಕಾವ್ಯವಾಗಿಸಿದರು. ನಾಡು ಒಂದು ಕೈಯಲ್ಲಿ ಮರವನ್ನು ಕಡಿಯಿತು, ಇನ್ನೊಂದು ಕೈಯಲ್ಲಿ ಅದರ ಭಾಷೆಯನ್ನು ಎತ್ತಿ ಮುದ್ದಿಸಿತು.

ಬಳಿಕ 2004ರಲ್ಲಿ ಕರಾವಳಿಯ ದಕ್ಷಿಣ ಕನ್ನಡ, ಉಡುಪಿ ಭಾಗಗಳನ್ನು ಬಿಟ್ಟು ರಾಜ್ಯದ ಉಳಿದೆಡೆ ಸೇಂದಿ ನಿಷೇಧವಾಯಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಷೇಧಕ್ಕೆ ಒಳಗಾಯಿತು. ಸಾರಾಯಿಯ ವಿರುದ್ಧ ಹಳ್ಳಿಗಳ ಹೆಂಗಸರು ವರ್ಷಗಟ್ಟಲೆ ಎತ್ತಿದ ದನಿಯನ್ನು ಮರೆತು ಜಾನಪದದ ಹೆಸರಿನಲ್ಲಿ ಕುಡಿತವನ್ನು ಹಾಡಿ ಹೊಗಳುವುದು ಅಪ್ರಾಮಾಣಿಕವಾಗುತ್ತದೆ. ಕುಡಿದ ಮನೆಯ ದುಃಖ ನಮ್ಮ ಹೆಣ್ಣುಮಕ್ಕಳ ಹಾಡುಗಳಲ್ಲಿಯೂ ಬೇಕಾದಷ್ಟಿದೆ. ನನ್ನ ವಾದ ನಿಷೇಧ ಸರಿಯೇ ತಪ್ಪೇ ಎಂಬುದಲ್ಲ. ನಿಷೇಧದಿಂದ ಕುಡಿತ ನಿಲ್ಲಲಿಲ್ಲ, ಪಾನೀಯ ಬದಲಾಯಿತು. ಕಾರ್ಖಾನೆಯ ಸೀಸೆಯೂ ರಟ್ಟಿನ ಪೊಟ್ಟಣವೂ ಗಡಿಗೆಯ ಜಾಗಕ್ಕೆ ಬಂದವು. ಹುದುಗಿದ ರಸದಲ್ಲಿ ಮದ್ಯಸಾರದ ಅಂಶ ನೂರಕ್ಕೆ ನಾಲ್ಕೈದರಷ್ಟು; ಸೀಸೆಯದರಲ್ಲಿ ನಲವತ್ತರ ಆಸುಪಾಸು. ಕುಡಿಯುವ ಪ್ರಮಾಣ, ಪಾತ್ರೆ, ಕುಳಿತು ಕುಡಿಯುವ ಹೊತ್ತು ಎಲ್ಲವೂ ಇದರೊಡನೆ ಬದಲಾದವು.

ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ತೀರಿಹೋದವರು ಬದುಕಿದ್ದಾಗ ಇಷ್ಟಪಟ್ಟದ್ದನ್ನೆಲ್ಲ ಇಡುವುದು ಕ್ರಮ: ಹೊಸ ಬಟ್ಟೆ, ಮಾಂಸದಡುಗೆ, ಬೀಡಿ, ಹೆಂಡ. ಹೆಂಡವೇ ಕುಡಿದು ಬಾಳಿದ ಅಜ್ಜನ ಎಡೆಗೆ ಮೊಮ್ಮಕ್ಕಳು ಈಗ ಇಡುವುದು ಅಜ್ಜ ಕಣ್ಣಿನಲ್ಲಿಯೂ ಕಾಣದ ಪೊಟ್ಟಣವನ್ನು. ಆಚರಣೆ ನಿಂತಿಲ್ಲ, ಅದರ ವಸ್ತು ಬೇರೆಯಾಗಿದೆ. ಇಂತಹ ಬದಲಿ ವಸ್ತುಗಳನ್ನು ಗುರುತಿಸಿ ವರ್ಷ ಸಹಿತ ದಾಖಲಿಸುವ ಕೆಲಸ ಜಾನಪದ ಅಧ್ಯಯನದ್ದಲ್ಲದೆ ಇನ್ನಾರದು?

ಆ ಕೆಲಸದಲ್ಲಿ ನಾವು ಹಿಂದೆ ಬಿದ್ದಿದ್ದೇವೆ. ಮಂಟೇಸ್ವಾಮಿ ಕಾವ್ಯದ ಪಠ್ಯಗಳು ಜೀ.ಶಂ. ಪರಮಶಿವಯ್ಯ ಅವರ ತಲೆಮಾರಿನಿಂದ ಹಿಡಿದು ಹಿ.ಚಿ. ಬೋರಲಿಂಗಯ್ಯ ಅವರ ಸಂಪಾದನೆಯವರೆಗೆ ಹಲವು ಬಾರಿ ಅಚ್ಚಾಗಿವೆ. ಆದರೆ ಗಡಿಗೆಯೊಳಗಿನ ಹೆಂಡದ ಬಗ್ಗೆ, ಅದನ್ನು ಇಳಿಸುವ ಕತ್ತಿ, ಹಗ್ಗ, ಅಳತೆಯ ಪಾತ್ರೆ, ಹುಳಿಯ ಹದಗಳ ಬಗ್ಗೆ ಮಂಗರಸ ಪಾನಕಗಳಿಗೆ ಕೊಟ್ಟಷ್ಟು ಗಮನವನ್ನು ಯಾರೂ ಕೊಟ್ಟಂತೆ ನನಗೆ ಕಾಣಲಿಲ್ಲ. ಇದರಲ್ಲಿ ನನ್ನ ಪಾಲೂ ಉಂಟು. ಪಿಎಚ್‌.ಡಿ. ಪ್ರಬಂಧಕ್ಕಾಗಿ ಈ ತಾಲ್ಲೂಕುಗಳಲ್ಲಿ ತಿರುಗಿದಾಗ ಕತೆಗಳನ್ನು ಧ್ವನಿಸುರುಳಿಗೆ ಇಳಿಸಿಕೊಂಡೆ. ಮಾತು ಹೆಂಡದ ಕಡೆಗೆ ತಿರುಗಿದಾಗ ಸುರುಳಿಯನ್ನು ನಿಲ್ಲಿಸುತ್ತಿದ್ದೆ. ಅದು ವಿಷಯಾಂತರವೆಂದು ಆಗ ಅನ್ನಿಸುತ್ತಿತ್ತು. ವಿಶ್ವವಿದ್ಯಾಲಯದ ಪ್ರಬಂಧದಲ್ಲಿ ಅದಕ್ಕೆ ಜಾಗವಿಲ್ಲವೆಂಬ ಸಂಕೋಚವೂ ಇತ್ತು. ಇಂದು ಆ ಸುರುಳಿಗಳನ್ನು ಕೇಳಿದರೆ ಮಾತು ತುಂಡಾಗುವ ಸದ್ದು ಕೇಳುತ್ತದೆ. ತುಂಡಾದದ್ದರ ಆಚೆಗೆ ಏನು ಹೇಳಿದರೆಂಬುದು ನನ್ನ ಟಿಪ್ಪಣಿ ಪುಸ್ತಕದಲ್ಲಿಯೂ ಇಲ್ಲ. ಹೇಳಿದವರಲ್ಲಿ ಹಲವರು ಈಗ ಇಲ್ಲ.

2004ಕ್ಕೆ ಮೊದಲು ಇಪ್ಪತ್ತು ವರ್ಷ ಮರ ಕಟ್ಟಿದ್ದವರಿಗೆ ಈಗ ಅರವತ್ತು ದಾಟಿದೆ. ಅವರ ಕೈಗೆ ಗೊತ್ತಿರುವುದನ್ನು ಕೇಳಿ ಬರೆದುಕೊಳ್ಳಲು ಪರವಾನಗಿ ಬೇಕಿಲ್ಲ. ಮರವನ್ನು ಎಷ್ಟನೆಯ ವರ್ಷಕ್ಕೆ ಕೆತ್ತುತ್ತಿದ್ದರು, ಯಾವ ತಿಂಗಳಲ್ಲಿ ಬಿಡುವು ಕೊಡುತ್ತಿದ್ದರು, ಮೊದಲ ಗಡಿಗೆಯನ್ನು ಯಾವ ದೇವರಿಗೆ ಸುರಿಯುತ್ತಿದ್ದರು, ಯಾರ ಮನೆಗೆ ಕೊಡುತ್ತಿರಲಿಲ್ಲ, ಹುಳಿಗೆ ಅದು ಇದು ಬೆರೆಸುತ್ತಿದ್ದರೇ, ಬೆರೆಸಿದರೆ ಅದಕ್ಕೆ ಏನು ಹೆಸರು ಎಂಬಿಷ್ಟನ್ನು ಊರೂರಿಗೆ ಹೋಗಿ ಕೇಳಬೇಕಾಗಿದೆ. ಅದರ ಪಕ್ಕದಲ್ಲಿಯೇ ಮನೆಮನೆಯ ಪಾನಕದ ಹದವನ್ನೂ ಕೇಳಿ ಮಂಗರಸನ ಅಧ್ಯಾಯದೊಡನೆ ಇಟ್ಟು ನೋಡಬೇಕು. ಕಾಲಾನುಕೂಲವೂ ಇದೆ. ಕಪ್ಪಡಿಯ ಜಾತ್ರೆ ಶಿವರಾತ್ರಿಗೆ ಆರಂಭವಾಗಿ ಯುಗಾದಿಯವರೆಗೆ ನಡೆಯುತ್ತದೆ. ನೀಲಗಾರರು ಅಲ್ಲಿಗೆ ಬಂದೇ ಬರುತ್ತಾರೆ. ಯುಗಾದಿಯಿಂದ ಒಂಬತ್ತನೆಯ ದಿನಕ್ಕೆ ರಾಮನವಮಿ. ಹುಣಸೂರಿನ ಬೀದಿಗಳಲ್ಲಿ ಪಾನಕದ ಕೊಪ್ಪರಿಗೆ ಇಳಿಸುವುದು ಆ ದಿನವೇ. ಒಂದೇ ಕ್ಷೇತ್ರಕಾರ್ಯದಲ್ಲಿ ಎರಡನ್ನೂ ಮುಗಿಸಬಹುದು.